ಒಳಮೈ ಮಾತು

"ಕೈ ಸ್ವಲ್ಪ ಎತ್ತಿ," ಎಂದು ರೂಢಿಯಂತೆ ಹೇಳಿಬಿಟ್ಟಳು ಟೈಲರಮ್ಮ. ಎತ್ತುವವರು ಇನ್ನಿಲ್ಲವೆಂಬುದು ಮರುಕ್ಷಣ ನೆನಪಾಗಿ, ಗಂಡನ ತೋಳನ್ನು ತಾನೇ ಮೆಲ್ಲಗೆ ಸರಿಸಿ, ಕೋಟಿನ ಪಕ್ಕದ ಹೊಲಿಗೆಗೆ ಗುಂಡುಸೂಜಿ ಚುಚ್ಚಿದಳು.

ಕೆಲವು ತಿಂಗಳ ಕಾಯಿಲೆಯಲ್ಲಿ ಮನುಷ್ಯ ಅರ್ಧಕ್ಕೆ ಇಳಿದಿದ್ದ. ಒಳ್ಳೆಯ ದಿನಗಳಲ್ಲಿ ಹೊಲಿದ ಕೋಟು ಈಗ ಮೈಮೇಲೆ ಜೋತುಬಿದ್ದಿತ್ತು. ಮಧ್ಯಾಹ್ನ ಅಂತ್ಯಕ್ರಿಯೆಯ ಭವನಕ್ಕೆ ಬೀದಿಯವರೆಲ್ಲ ಬರುವವರಿದ್ದರು. ಟೈಲರಮ್ಮನ ಗಂಡನೇ ದೊಗಳೆ ಕೋಟಿನಲ್ಲಿ ಹೋದನೆಂದರೆ ಅಂಗಡಿಯ ಮಾನ ಏನಾಗಬೇಕು? ಹಾಗೆಂದು ಬೆಳಗಿನಿಂದ ಬಂದವರಿಗೆಲ್ಲ ಹೇಳಿದ್ದಳು. ನಿಜವಾದ ಕಾರಣ ಬೇರೆ. ಕೈಗೆ ಕೆಲಸವಿಲ್ಲದಿದ್ದರೆ ಅವಳಿಗೆ ಅಳು ಬರುತ್ತಿತ್ತು, ಅತ್ತರೆ ಸೂಜಿ ಕಾಣುತ್ತಿರಲಿಲ್ಲ.

"ಬಾಯಲ್ಲಿ ಸೂಜಿ ಕಚ್ಕೊಂಡು ಮಾತಾಡ್ಬೇಡಿ ಅತ್ತಿಗೆ," ಎಂದಳು ಮಂಚದ ಆಚೆ ಬದಿಗೆ ನಿಂತಿದ್ದ ನಾದಿನಿ. "ಒಂದೇ ದಿನ ಇಬ್ಬರನ್ನ ಕಳಿಸಿಕೊಡೋ ಶಕ್ತಿ ನನಗಿಲ್ಲ."

"ಇಷ್ಟು ವರ್ಷದಿಂದ ಹೀಗೇ ಮಾತಾಡ್ತಿದೀನಿ ಕಣೇ. ಒಂದು ಸೂಜಿನೂ ನುಂಗಿಲ್ಲ."

"ಅದನ್ನೇ ನಾನು ಹೇಳೋದು. ಸೂಜಿ ಇಟ್ರೂ ಆ ಬಾಯಿ ನಿಲ್ಲಲ್ಲ."

ಇಬ್ಬರೂ ನಕ್ಕರು. ನಕ್ಕಿದ್ದಕ್ಕೆ ನಾಚಿಕೆಯಾಗಿ ಇಬ್ಬರೂ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಹೊರಗಿನ ಅಂಗಡಿ ಕೋಣೆಯಲ್ಲಿ ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕುವ ಸದ್ದು ಮಾತ್ರ ಕೇಳುತ್ತಿತ್ತು.

"ಮಧ್ಯಾಹ್ನ ಭವನದಲ್ಲಿ ಅಣ್ಣನ ಬಗ್ಗೆ ಎರಡು ಮಾತು ನಾನೇ ಆಡ್ತೀನಿ," ಎಂದಳು ನಾದಿನಿ, ಅಣ್ಣನ ಕಾಲರನ್ನು ಸರಿಪಡಿಸುತ್ತ. "ನೀವು ಶುರು ಮಾಡಿದ್ರೆ ಭವನದವರು ದೀಪ ಆರಿಸಿ ಮನೆಗೆ ಹೋಗ್ಬೇಕಾಗುತ್ತೆ."

"ನನ್ನ ಗಂಡನ ಬಗ್ಗೆ ನಾನು ಮಾತಾಡದೆ ನೀನು ಮಾತಾಡ್ತೀಯಾ?"

"ಮಾತಾಡೋಕೆ ನಿಮಗೆ ಗೊತ್ತಿರೋದಾದ್ರೂ ಏನು ಅತ್ತಿಗೆ? ಚಿಕ್ಕವನಿದ್ದಾಗ ಅಣ್ಣ ಎಷ್ಟು ವಟವಟ ಅಂತಿದ್ದ ಅಂತ ನನಗೆ ಗೊತ್ತು. ಮದ್ವೆ ಆಯ್ತು, ಬಾಯಿ ಹೊಲಿದ ಹಾಗಾಯ್ತು. ಹೊಲಿದೋರು ಯಾರು ಅಂತ ನಾನು ಹೇಳಲ್ಲ."

ಅರ್ಧ ತಮಾಷೆಗೆ, ಅರ್ಧ ದುಃಖಕ್ಕೆ ಬಂದ ಮಾತು ಅದು. ನಾದಿನಿ ಆಡಿದ ಕೂಡಲೇ ನಾಲಗೆ ಕಚ್ಚಿಕೊಂಡಳು. ಟೈಲರಮ್ಮ ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಗಂಡನ ಮುಖ ನೋಡಿದಳು. ಅವನು ಬದುಕಿದ್ದಾಗ ಹೇಗೋ ಹಾಗೆಯೇ ಈಗಲೂ ಏನನ್ನೂ ಬಿಟ್ಟುಕೊಡಲಿಲ್ಲ.

*

ಅವನ ಉತ್ತರವೆಂದರೆ "ಹೂಂ." ಸಂಜೆ ಬಸ್ಸುಗಳ ಕಚೇರಿಯಿಂದ ಬಂದು, ಬೂಟು ಬಿಚ್ಚಿ, ಅಂಗಡಿಯ ಮೂಲೆಯ ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಿದ್ದ. ಬಿಚ್ಚಬೇಕಾದ ಹೊಲಿಗೆಗಳನ್ನು ಅವನ ಮಡಿಲಿಗೆ ಹಾಕಿದರೆ ಒಂದೊಂದೇ ನೂಲು ಕೀಳುತ್ತ ಕೂರುವನು. ಅವಳು ಯಂತ್ರ ತುಳಿಯುತ್ತ ದಿನವಿಡೀ ಬಂದು ಹೋದ ಗಿರಾಕಿಗಳ ಕತೆಯನ್ನೆಲ್ಲ ಹೇಳುವಳು. ಯಂತ್ರದ ಸದ್ದು ಜೋರಾದರೆ ಅವಳ ದನಿಯೂ ಜೋರಾಗುತ್ತಿತ್ತು. ಹೂಂ, ಹೂಂ. ಅವನು ಕೇಳುತ್ತಿದ್ದಾನೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಒಮ್ಮೆ, "ಬೇಕರಿಯವರ ಆನೆ ಕಳೆದುಹೋಗಿದೆಯಂತೆ," ಎಂದಿದ್ದಳು. ಅದಕ್ಕೂ ಹೂಂ.

ಹಿಂದೆ ಬಸ್ ನಿಲ್ದಾಣಗಳಲ್ಲಿ ವೇಳೆಯ ಬೋರ್ಡುಗಳನ್ನು ಕುಂಚದಲ್ಲಿ ಬರೆಯುತ್ತಿದ್ದವನನ್ನು ಕಚೇರಿಯವರು ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ಅಲ್ಲಿ ಮಾಡುವುದೇನು ಎಂದು ಅವಳು ಕೇಳಿದ ದಿನ ಅವನು ತನ್ನ ಜೀವಮಾನದ ಉದ್ದದ ಭಾಷಣ ಮಾಡಿದ.

"ಮೊಬೈಲಲ್ಲಿ ಬಸ್ಸಿನ ವೇಳೆ ತೋರಿಸೋ ಪುಟ ಇರುತ್ತಲ್ಲ, ಅದರ ಮೈ ಬೇರೆಯವರು ಮಾಡ್ತಾರೆ. ಬಟ್ಟೆ ನಾನು ಹಾಕ್ತೀನಿ. ಯಾವ ಬಣ್ಣ, ಎಷ್ಟು ದಪ್ಪ ಅಕ್ಷರ, ಎಲ್ಲಿ ಎಷ್ಟು ಜಾಗ ಅಂತ ಬರೆದಿಡೋ ಹಾಳೆಗೆ ಸ್ಟೈಲ್‌ಶೀಟ್ ಅಂತಾರೆ."

"ಹಾಗಾದ್ರೆ ನೀವೂ ದರ್ಜಿನೇ! ಎಲ್ಲಿ ಯಾಕೆ ಹಾಗೆ ಮಾಡಿದೀರಿ ಅಂತ ಬರೆದಿಡೋದೆಲ್ಲಿ?"

"ಅದಕ್ಕೆ ಬೇರೆ ಕೈಪಿಡಿ ಇದೆ. ಕಪಾಟಲ್ಲಿ."

"ಕಪಾಟಲ್ಲಿದ್ರೆ ಏನು ಬಂತು?" ಎಂದು ಟೈಲರಮ್ಮ ಕತ್ತರಿಸಿಟ್ಟ ಬಟ್ಟೆಯೊಂದನ್ನು ಮಗುಚಿ ಹಾಕಿದಳು. ಒಳಮೈ ತುಂಬ ಸೀಮೆಸುಣ್ಣದ ಅಕ್ಷರಗಳು. ಎಡ ಹೆಗಲು ತಗ್ಗು. ಕೂತು ಕೆಲಸ ಮಾಡುವವರು, ಬೆನ್ನಿಗೆ ಸಡಿಲ. "ನೋಡಿ. ಪುಸ್ತಕದಲ್ಲಿ ಬರೆದ್ರೆ ಪುಸ್ತಕ ಒಂದು ಕಡೆ, ಬಟ್ಟೆ ಒಂದು ಕಡೆ. ಬಟ್ಟೆ ಬದಲಾದ ಮೇಲೂ ಪುಸ್ತಕ ಹಳೇದನ್ನೇ ಹೇಳ್ತಾ ಕೂತಿರುತ್ತೆ. ಬಟ್ಟೆ ಮೇಲೇ ಬರೀಬೇಕು, ಒಳಮೈಗೆ. ಹಾಕ್ಕೊಳ್ಳೋರಿಗೆ ಕಾಣ್ಬಾರ್ದು, ಬಿಚ್ಚೋರಿಗೆ ಸಿಗ್ಬೇಕು."

ಅವನು ಬಟ್ಟೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತೋರುಬೆರಳಿನಿಂದ ಗಾಳಿಯಲ್ಲಿ ಏನನ್ನೋ ಗೀಚಿದ. ಮೊದಲು ನಕ್ಷತ್ರ ಬಿಡಿಸುವಂತೆ ಅಡ್ಡಡ್ಡ ಮೂರು ಗೀಟು, ನಂತರ ಒಂದು ಓರೆಗೆರೆ.

"ಸೊಳ್ಳೆನಾ?" ಎಂದಳು ಅವಳು.

"ಹೂಂ," ಎಂದ ಅವನು.

ಆಮೇಲೆ ಆ ಸೊಳ್ಳೆ ಆಗಾಗ ಬರುತ್ತಿತ್ತು, ಹೆಚ್ಚಾಗಿ ಅವಳು ಮಾತಿನ ಮಧ್ಯೆ ಇರುವಾಗಲೇ.

*

ಕೋಟು ಮುಗಿಯುವ ಹೊತ್ತಿಗೆ ಅಂಗಡಿ ಕೋಣೆ ತುಂಬಿತ್ತು. ಕಚೇರಿಯಿಂದ ಇಬ್ಬರು ಬಂದಿದ್ದರು. ಒಬ್ಬರು ಮ್ಯಾನೇಜರ್, ಒಳ್ಳೆಯ ಮನುಷ್ಯ, ಆದರೆ ಸಾವಿನ ಮನೆಯಲ್ಲಿ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಾಗದೆ ಒದ್ದಾಡುತ್ತಿದ್ದರು. ಇನ್ನೊಬ್ಬಳು ದಪ್ಪ ಕನ್ನಡಕದ ಹೆಂಗಸು. ಪಕ್ಕದ ಮೇಜಿನಲ್ಲಿ ಕೂತು ಕೆಲಸ ಕಲಿತು, ಅವನು ರಜೆ ಹಾಕಿದ ಮೇಲೆ ಅವನ ಸ್ಟೈಲ್‌ಶೀಟನ್ನು ನೋಡಿಕೊಳ್ಳುತ್ತಿದ್ದವಳು. ಅತ್ತು ಅತ್ತು ಅವಳ ಕನ್ನಡಕ ಮಬ್ಬಾಗಿತ್ತು.

"ಇಡೀ ಆಫೀಸು ಬಿಕೋ ಅಂತಿದೆ ಮೇಡಂ," ಎಂದಳು ಅವಳು. "ಎಷ್ಟು ಮಾತು, ಎಷ್ಟು ತಮಾಷೆ ನಮ್ಮ ಟಿಪ್ಪಣಿ ಮೇಷ್ಟ್ರದ್ದು!"

ಟೈಲರಮ್ಮ ಅವಳನ್ನೇ ದಿಟ್ಟಿಸಿದಳು. "ಯಾರು? ನಮ್ಮವರಾ?"

ಅಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ಬೇಕರಿಯವರು, ಮನೆಗೆ ಹೋಗುವ ಬಸ್ಸು ನೋಡಲೆಂದು ಮೊಬೈಲು ತೆಗೆದವರು, "ಅಲ್ಲಾ, ಇದೇನಿದು?" ಎಂದು ಕೂಗಿಯೇಬಿಟ್ಟರು. "ಬಸ್ಸಿನ ಪುಟ ಬಟ್ಟೆ ಬಿಚ್ಕೊಂಡು ನಿಂತಿದೆ!"

ಎಲ್ಲರೂ ತಂತಮ್ಮ ಮೊಬೈಲು ನೋಡಿದರು. ನಿಜ. ಬಣ್ಣವಿಲ್ಲ, ಅಂಚಿಲ್ಲ, ಅಳತೆಯಿಲ್ಲ. ಬಸ್ಸುಗಳ ಹೆಸರೂ ವೇಳೆಯೂ ಒಂದರ ಮೇಲೊಂದು ಬಿದ್ದು ಕಪ್ಪು ಅಕ್ಷರಗಳ ರಾಶಿಯಾಗಿತ್ತು. ಮ್ಯಾನೇಜರ ಜೇಬಿನಲ್ಲಿ ಫೋನು ಕುಣಿಯತೊಡಗಿತು. ಅವರು ಅದನ್ನು ತೆಗೆದು, ಸಾವಿನ ಮನೆ ಎಂದು ನೆನಪಾಗಿ ಒಳಗೆ ಹಾಕಿ, ಮತ್ತೆ ತೆಗೆದು, ಕೊನೆಗೆ ಅದರ ಮೇಲೆ ಕೂತುಕೊಂಡರು.

ಕನ್ನಡಕದವಳ ಮುಖ ಬಿಳುಚಿಕೊಂಡಿತು. "ಅಯ್ಯೋ, ನಾನೇ! ಬೆಳಿಗ್ಗೆ ಮೇಷ್ಟ್ರ ನೆನಪಿಗೆ ಅಂತ ಅವರ ಹಾಳೆ ಮೇಲ್ಗಡೆ ಎರಡು ಸಾಲು ಬರೆದು ಹಾಕ್ದೆ."

"ಇಲ್ಲೇ ಸರಿಮಾಡಿ ತಾಯಿ," ಎಂದರು ಮ್ಯಾನೇಜರ್, ಕೂತಲ್ಲೇ ಗುಂಯ್‌ಗುಟ್ಟುತ್ತ.

ಕತ್ತರಿಸುವ ಮೇಜಿನ ಮೇಲಿದ್ದ ಹೂವುಗಳನ್ನು ಟೈಲರಮ್ಮ ಬದಿಗೆ ಸರಿಸಿದಳು. ಕನ್ನಡಕದವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಬಿಚ್ಚಿಟ್ಟಳು. ಸುತ್ತಲೂ ಜನ ಬಗ್ಗಿ ನೋಡಿದರು. ಪರದೆಯ ಮೇಲೆ ಕಣ್ಣಾಡಿಸಿದ ಎರಡೇ ಗಳಿಗೆಯಲ್ಲಿ ಅವಳು ಹಣೆ ಹಣೆ ಬಡಿದುಕೊಂಡು ನಗಲು ಶುರುಮಾಡಿದಳು. ಅಳುವಿನ ಜೊತೆ ಬೆರೆತ ನಗು.

"ಮುಚ್ಚೋದೇ ಮರ್ತಿದೀನಿ! ನೋಡಿ ಮೇಡಂ, ಈ ಹಾಳೆಯಲ್ಲಿ ಕಂಪ್ಯೂಟರಿಗೆ ಹೇಳೋದು ಬೇರೆ, ಮನುಷ್ಯರಿಗೆ ಹೇಳೋದು ಬೇರೆ. ಮನುಷ್ಯರಿಗೆ ಹೇಳೋ ಮಾತನ್ನ ಎರಡು ಗುರುತಿನ ಮಧ್ಯೆ ಇಡ್ತೀವಿ. ಕಂಪ್ಯೂಟರ್ ಅದನ್ನ ಓದದೆ ದಾಟಿಹೋಗುತ್ತೆ. ನಾನು ಮಾತು ಶುರು ಮಾಡಿದೆ, ಅಳ್ತಾ ಅಳ್ತಾ ಮುಚ್ಚೋ ಗುರುತು ಹಾಕ್ಲಿಲ್ಲ. ಮುಂದಿನ ಮುಚ್ಚೋ ಗುರುತು ಸಿಗೋವರೆಗೆ ಕೆಳಗಿದ್ದ ಮೂಲ ಬಣ್ಣ, ಮೂಲ ಅಳತೆ ಎಲ್ಲವನ್ನೂ ಅದು ನನ್ನ ಮಾತೇ ಅಂದ್ಕೊಂಡು ದಾಟಿಬಿಟ್ಟಿದೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿರೋದು. ಇಷ್ಟು ಹಾಕಿದ್ರೆ ಆಯ್ತು." ಹಾಗೆನ್ನುತ್ತ ಅವಳು ಬೆರಳಿನಿಂದ ಗಾಳಿಯಲ್ಲಿ ಗುರುತು ಬರೆದು ತೋರಿಸಿದಳು. ಅಡ್ಡಡ್ಡ ಮೂರು ಗೀಟು, ಒಂದು ಓರೆಗೆರೆ.

ಕೀಲಿ ಒತ್ತಿದಳು. ಬೇಕರಿಯವರ ಮೊಬೈಲಿನಲ್ಲಿ ಬಸ್ಸಿನ ಪುಟ ಮತ್ತೆ ಬಟ್ಟೆ ತೊಟ್ಟುಕೊಂಡಿತು. ಯಾರೋ ಚಪ್ಪಾಳೆ ತಟ್ಟಲು ಹೋಗಿ ಕೈ ತಡೆದುಕೊಂಡರು.

ಟೈಲರಮ್ಮ ಮಾತ್ರ ಪರದೆ ನೋಡಲಿಲ್ಲ. "ಈಗ ಕೈಯಲ್ಲಿ ಮಾಡಿದ್ರಲ್ಲ, ಅದೇನು?"

"ಅದಾ? ಮಾತು ಮುಚ್ಚೋ ಗುರುತು."

ಟೈಲರಮ್ಮ ಸ್ಟೂಲಿನ ಮೇಲೆ ಕುಸಿದಳು. "ಸೊಳ್ಳೆ ಅಲ್ವಾ ಹಾಗಾದ್ರೆ? ಇಷ್ಟು ವರ್ಷ ನನ್ನೆದುರು ಕೂತು, ಬಾಯಿ ಮುಚ್ಚೇ ಅಂತ ಹೇಳ್ತಿದ್ರಾ?" ನಗಲು ನೋಡಿದಳು, ಆಗಲಿಲ್ಲ. ನಾದಿನಿಯ ಕಡೆ ತಿರುಗಿದಳು. "ನೀನು ಹೇಳಿದ್ದೇ ಸರಿ ಕಣೇ. ಹೊಲಿದೋಳು ನಾನೇ. ಮಧ್ಯಾಹ್ನ ನೀನೇ ಮಾತಾಡು."

ನಾದಿನಿಗೆ ಗೆದ್ದ ಖುಷಿ ಆಗಬೇಕಿತ್ತು. ಬದಲಿಗೆ ಓಡಿ ಹೋಗಿ ನೀರು ತಂದಳು.

"ಇಲ್ಲ ಅಕ್ಕ," ಎಂದಳು ಕನ್ನಡಕದವಳು. ಮೇಡಂ ಎನ್ನುವುದು ಅವಳಿಗೆ ಮರೆತೇಹೋಗಿತ್ತು. "ಆಫೀಸಲ್ಲೂ ಹಾಗೆ ಮಾಡ್ತಿದ್ರು. ಯಾರಾದ್ರೂ ಒಳ್ಳೇ ಮಾತು ಹೇಳಿದ್ರೆ ಗಾಳಿಯಲ್ಲಿ ಗುರುತು ಹಾಕಿ, 'ಬರ್ಕೊಂಡೆ' ಅಂತಿದ್ರು."

"ನನ್ನ ಮಾತಿಗೆ ಒಂದು ಸಲಾನೂ ಹಾಕಿಲ್ಲ," ಎಂದರು ಮ್ಯಾನೇಜರ್, ಸ್ವಲ್ಪ ನೊಂದು.

"ಬರ್ಕೊಂಡು ಏನು ಮಾಡ್ತಿದ್ರು?"

"ಇಲ್ಲೇ ಇದೆಯಲ್ಲ ಅಕ್ಕ! ನಮ್ಮಲ್ಲಿ ಕೈಪಿಡಿ ಕಪಾಟಲ್ಲಿ ಇರುತ್ತಿತ್ತು, ಯಾರೂ ತೆಗೀತಿರಲಿಲ್ಲ. ಮೇಷ್ಟ್ರು ಒಂದು ದಿನ ಬಂದು, ಇನ್ಮೇಲೆ ಎಲ್ಲಾ ಹಾಳೆ ಒಳಗೇ ಬರೀತೀನಿ ಅಂದ್ರು. ಯಾವ ಬಣ್ಣದ ಪಕ್ಕ ಆ ಬಣ್ಣದ ಕಾರಣ. ಯಾವ ಅಳತೆ ಪಕ್ಕ ಅದರ ಕತೆ. ಈಗ ಅದನ್ನೆಲ್ಲ ಕಂಪ್ಯೂಟರೇ ಆರಿಸಿ ಕೈಪಿಡಿ ಮಾಡಿಕೊಡುತ್ತೆ. ಹೊಸಬರು ಕೆಲಸಕ್ಕೆ ಬಂದ್ರೆ ಮೊದಲು ಅದನ್ನ ಓದಿ ನಕ್ಕು, ಆಮೇಲೇ ಕೆಲಸ ಕಲಿಯೋದು. ಕೇಳಿ."

ಅವಳು ಓದತೊಡಗಿದಳು. "ಅಕ್ಷರದ ಪೆಟ್ಟಿಗೆಗೆ ಹೇಳಿ ಮಾಡಿಸಿದಷ್ಟೇ ಅಗಲ ಕೊಡಬೇಡಿ. ಅಳತೆ ತೆಗೆಯುವಾಗ ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ನಂಬಬೇಡಿ. ಎರಡು ಬೆರಳು ಸಡಿಲ ಬಿಡಿ."

ಟೈಲರಮ್ಮ ಲೋಟ ಕೆಳಗಿಟ್ಟಳು.

"ಈ ಗುಂಡಿಯ ಸುತ್ತಲಿನ ಜಾಗ ಕಡಿಮೆ ಮಾಡಬೇಡಿ. ಉಂಡ ಮೇಲೂ ಉಸಿರಾಡಬೇಕು."

"ಅದು ನಾನು ಬೇಕರಿಯವರ ವೇಸ್ಟ್‌ಕೋಟಿಗೆ ಹೇಳಿದ್ದು!" ಎಂದು ಟೈಲರಮ್ಮ ಎದ್ದು ನಿಂತಳು.

ಬೇಕರಿಯವರು ಅಭಿಮಾನದಿಂದ ಹೊಟ್ಟೆ ಸವರಿಕೊಂಡರು.

"ಈ ಬಣ್ಣ ಉಳಿದ ಸಾಲುಗಳನ್ನೆಲ್ಲ ಮೀರಲಿ ಎಂದು ಇಲ್ಲಿ ಗಟ್ಟಿಯಾಗಿ ಕೂಗಿ ಹೇಳಿದ್ದೇನೆ, ಬೇರೆ ದಾರಿ ಇರಲಿಲ್ಲ. ನೀವು ಕೂಗಬೇಡಿ. ಎಲ್ಲರೂ ಕೂಗಿದರೆ ಕೊನೆಗೆ ಜೋರು ಗಂಟಲಿನವರ ಮಾತೇ ನಡೆಯುತ್ತದೆ, ಸರಿ ಯಾರದು ಎಂದು ಯಾರೂ ಕೇಳುವುದಿಲ್ಲ."

"ಇದು ನಿನಗೆ ಹೇಳಿದ್ದು ಕಣೇ!" ಎಂದು ಟೈಲರಮ್ಮ ನಾದಿನಿಯ ಭುಜಕ್ಕೆ ಹೊಡೆದಳು. "ನಿನ್ನ ಮಗಳ ಮದುವೆ ಬಟ್ಟೆ ಆರಿಸೋವಾಗ!"

"ನಾನು ಕೈಪಿಡಿಯಲ್ಲಿದೀನಾ?" ಎಂದಳು ನಾದಿನಿ. ಕೋಪ ಮಾಡಿಕೊಳ್ಳಬೇಕೋ ಹೆಮ್ಮೆಪಡಬೇಕೋ ಅವಳಿಗೆ ತಿಳಿಯಲಿಲ್ಲ.

"ಕಳ್ಳರು! ಹೂಂ, ಹೂಂ ಅಂತ ಕೂತು ನನ್ನ ಮಾತೆಲ್ಲ ಹೊತ್ಕೊಂಡು ಹೋಗಿದಾರೆ! ನಾನಿಲ್ಲಿ ಗೋಡೆಗೆ ಹೇಳ್ತಿದೀನಿ ಅಂದ್ಕೊಂಡ್ರೆ ಊರಿನ ಬಸ್ಸೆಲ್ಲ ನನ್ನ ಮಾತಿನ ಮೇಲೆ ಓಡ್ತಿದೆ!" ಎಂದು ಟೈಲರಮ್ಮ ಬೈದಳು. ಬೈಯುತ್ತಿದ್ದ ಹಾಗೇ ಕಣ್ಣು ತುಂಬಿ ಹರಿಯಿತು. ಬೆಳಗಿನಿಂದ ತಡೆದಿಟ್ಟ ಅಳು. ಅದರಲ್ಲಿ ಸಂತೋಷವೇ ಹೆಚ್ಚಿತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಸೆರಗಂಚಿಗೆ ಸಿಕ್ಕಿಸಿದ್ದ ಸೂಜಿ ಕೆನ್ನೆಗೆ ಚುಚ್ಚಿದರೂ ಒರೆಸಿಕೊಳ್ಳುತ್ತಲೇ, "ಇನ್ನೂ ಓದಿ, ಇನ್ನೂ ಓದಿ," ಎಂದಳು.

"ಇದು ನಮಗೆಲ್ಲ ಬಹಳ ಇಷ್ಟ ಅಕ್ಕ. ಹಾಳೆ ಕೊನೆಯಲ್ಲಿದೆ." ಕನ್ನಡಕದವಳು ಕನ್ನಡಕ ಒರೆಸಿ ಹಾಕಿಕೊಂಡಳು. "ಈ ಸಾಲು ಏನು ಮಾಡುತ್ತದೆ ಎಂದು ನನಗೂ ಗೊತ್ತಿಲ್ಲ. ತೆಗೆದು ನೋಡಿದೆ, ಬಲಗಡೆಯೆಲ್ಲ ಕುಸಿಯಿತು. ಕೆಲವರು ಮನೆಯಲ್ಲಿ ಹೀಗೇ ಇರುತ್ತಾರೆ. ಇರಲಿ ಬಿಡಿ."

*

ಆ ಮಾತು ಹುಟ್ಟಿದ ದಿನ ಊಟದ ಮೇಜಿನಲ್ಲಿ ನಾದಿನಿಯೇ ಕೆಣಕಿದ್ದಳು. ಅಣ್ಣ ಅಡುಗೆ ಮಾಡಲ್ಲ, ಸಾಮಾನು ತರಲ್ಲ, ಬಂದವರ ಹತ್ತಿರ ಮಾತಾಡಲ್ಲ, ಮನೆಯಲ್ಲಿ ಅವನು ಇರೋದು ಯಾಕೆ ಅತ್ತಿಗೆ? ಅವನು ತಟ್ಟೆಯಿಂದ ತಲೆಯೆತ್ತಿ, ಉತ್ತರ ತನಗೂ ಬೇಕು ಎನ್ನುವವನಂತೆ ಹೆಂಡತಿಯನ್ನು ನೋಡಿದ.

"ಏನು ಮಾಡ್ತಾರೋ ನನಗೂ ಗೊತ್ತಿಲ್ಲ," ಎಂದಿದ್ದಳು ಟೈಲರಮ್ಮ, ಬಡಿಸುತ್ತ. "ಒಂದು ವಾರ ತರಬೇತಿಗೆ ಅಂತ ಬೇರೆ ಊರಿಗೆ ಹೋಗಿದ್ರಲ್ಲ, ಆವಾಗ ನಾನು ಎರಡು ಶರ್ಟಿಗೆ ತೋಳು ತಿರುವು ಮುರುವು ಹಚ್ಚಿದೆ. ಕೆಲವರು ಹಾಗೇ. ಇರಲಿ ಬಿಡು."

ಅವನು ಮತ್ತೆ ತಟ್ಟೆಗೆ ಬಗ್ಗಿದ. ಕಿವಿ ಮಾತ್ರ ಕೆಂಪಾಗಿತ್ತು. ಎಡಗೈ ಮೇಜಿನ ಕೆಳಗೆ ಏನು ಗೀಚಿತೋ ಯಾರೂ ನೋಡಲಿಲ್ಲ.

*

ಭವನದಲ್ಲಿ ಕೋಟು ಹೆಗಲಿಗೆ ಸರಿಯಾಗಿ ಕೂತಿದೆ ಎಂದು ನಾಲ್ಕು ಜನ ಹೇಳಿದರು. ಐದನೆಯವರು ಹೇಳದಿದ್ದಾಗ ಟೈಲರಮ್ಮನೇ ಕೇಳಿ ಹೇಳಿಸಿಕೊಂಡಳು.

ಮಾತಾಡುವ ಹೊತ್ತು ಬಂದಾಗ ನಾದಿನಿ ಎದ್ದು ನಿಂತಳು. ಕೈಯಲ್ಲಿದ್ದ ಚೀಟಿಯನ್ನು ನೋಡಿದಳು. ಮಡಚಿದಳು.

"ಅತ್ತಿಗೆ, ನೀವೇ ಹೋಗಿ," ಎಂದಳು. "ನನಗೆ ಗೊತ್ತಿರೋದು ಚಿಕ್ಕ ಹುಡುಗ ಅಷ್ಟೇ."

"ದೀಪ ಆರಿಸೋದು ತಡ ಆದ್ರೆ?"

"ಆಗ್ಲಿ ಹೋಗಿ."

ಟೈಲರಮ್ಮ ಮುಂದೆ ಹೋಗಿ ನಿಂತಳು. ಅಷ್ಟು ಜನರನ್ನು ಕಂಡು ಸೆರಗಂಚಿನ ಸೂಜಿಯನ್ನು ತಡಕಿದಳು. ಪಕ್ಕದಲ್ಲಿ ಗಂಡ ಮಲಗಿದ್ದ. ಸಂಜೆಯ ಅಂಗಡಿಯಲ್ಲಿ ಇದ್ದಷ್ಟೇ ದೂರದಲ್ಲಿ, ಅಷ್ಟೇ ಸುಮ್ಮನೆ. ಅದರಿಂದ ಅವಳಿಗೆ ಧೈರ್ಯ ಬಂತು.

"ನಮ್ಮವರು ಕಳ್ಳರು," ಎಂದು ಶುರುಮಾಡಿದಳು.

ಭವನವೆಲ್ಲ ನಕ್ಕಿತು. ಕದ್ದದ್ದೇನು ಎಂದು ಹೇಳಿದಳು. ಆನೆ ಕಳೆದುಹೋದ ಕತೆ ಹೇಳಿದಳು. ಗಿಡ್ಡ ಸ್ಟೂಲು, ನೂಲು ಕೀಳುವ ಬೆರಳು, ಸೊಳ್ಳೆ ಎಲ್ಲ ಹೇಳಿದಳು. ಮ್ಯಾನೇಜರ್ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ಮಾತಿನ ಓಟ ಸಿಕ್ಕ ಮೇಲೆ ಅವಳನ್ನು ಹಿಡಿಯುವವರು ಯಾರು? ಉಸಿರು ತೆಗೆದುಕೊಳ್ಳದೆ, "ಮತ್ತೆ ಇಲ್ಲಿರೋ ಹೆಂಗಸರಿಗೆಲ್ಲ ಒಂದು ಮಾತು, ಗಂಡನ ಶರ್ಟಿಗೆ ಜೇಬು ಒಂದೇ ಇಡಿಸಿ, ಎರಡಿಟ್ರೆ ಕನ್ನಡಕ ಎರಡರಲ್ಲೂ ಹುಡುಕಿ ಕೊನೆಗೆ ಅವರ ಮೂಗಿನ ಮೇಲೇ ಸಿಗುತ್ತೆ, ಅದಕ್ಕೇ ನಾನು..."

ಎರಡನೇ ಸಾಲಿನಲ್ಲಿ ನಾದಿನಿ ಅಂಗೈ ಎತ್ತಿ ಹಿಡಿದಿದ್ದಳು.

ಸಾಕು ಎನ್ನುತ್ತಿದ್ದಾಳೆ. ಮಾತು ಹೆಚ್ಚಾಯಿತು. ಟೈಲರಮ್ಮ ಅರ್ಧದಲ್ಲೇ ನಿಂತಳು, ಮುಖಕ್ಕೆ ರಕ್ತ ನುಗ್ಗಿತು. ನಾದಿನಿ ಜೋರಾಗಿ ತಲೆಯಲ್ಲಾಡಿಸಿ, ಅದೇ ಕೈಯಿಂದ ಪಕ್ಕದವಳ ಮಡಿಲನ್ನು ತೋರಿಸಿದಳು. ಅಲ್ಲಿ ಕನ್ನಡಕದವಳು ತಲೆ ತಗ್ಗಿಸಿ, ಮೊಬೈಲಿನ ಮೇಲೆ ಎರಡು ಹೆಬ್ಬೆರಳನ್ನೂ ಓಡಿಸುತ್ತ, ಆ ಮಾತನ್ನು ಬರೆದುಕೊಳ್ಳುವುದರಲ್ಲಿ ಹಿಂದೆ ಬಿದ್ದು ಪೇಚಾಡುತ್ತಿದ್ದಳು. ನಾದಿನಿ ಅವಳ ಕಡೆ ಬಗ್ಗಿ ಪರದೆಯ ಮೇಲೆ ಒಂದು ಜಾಗಕ್ಕೆ ಬೆರಳಿಟ್ಟು, ತಪ್ಪಿಹೋದ ಪದವನ್ನು ಕಿವಿಯಲ್ಲಿ ಹೇಳಿದಳು. ಆಮೇಲೆ ತಲೆಯೆತ್ತಿ, ಸದ್ದಿಲ್ಲದೆ ತುಟಿಯಲ್ಲೇ ಕೇಳಿಕೊಂಡಳು: ನಿಧಾನ.

ಟೈಲರಮ್ಮ ಒಮ್ಮೆ ಉಸಿರೆಳೆದುಕೊಂಡಳು.

"ಗಂಡನ," ಎಂದಳು. ಹೆಬ್ಬೆರಳುಗಳು ನಿಲ್ಲುವವರೆಗೆ ಕಾದಳು. "ಶರ್ಟಿಗೆ. ಜೇಬು. ಒಂದೇ ಇಡಿಸಿ."